ನಮ್ಮೂರ ಬಂಡೆಯ ಪೂರ್ವೋತ್ತರ

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಊರಿನ ಇತಿಹಾಸದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದ್ದಾರೆ. ಊರಿನ ಇತಿಹಾಸ ಅಂದರೆ ಸಾಮಾನ್ಯವಾಗಿ ಗುಡಿಯ ಮುಂದಿನ ವೀರಗಲ್ಲಿನಿಂದಲೋ, ಕೆರೆ ಏರಿಯ ಶಾಸನದಿಂದಲೋ ಶುರು ಮಾಡುತ್ತಾರೆ. ಆ ವೀರಗಲ್ಲನ್ನು ಕಡೆದ ಕಲ್ಲಿಗೂ ಒಂದು ಇತಿಹಾಸ ಇದೆಯಲ್ಲ, ಅದನ್ನು ಯಾರೂ ಬರೆದಂತಿಲ್ಲ. ನಾವು ಕಣ ಮಾಡುವುದು ಹಾಸುಬಂಡೆಯ ಮೇಲೆ, ನಮ್ಮ ಒರಳು, ಬೀಸುವ ಕಲ್ಲು, ಮನೆಯ ಚಪ್ಪಡಿ, ಹೊಲದ ಕಲ್ಲುಕಂಬ ಎಲ್ಲವೂ ಗ್ರಾನೈಟ್ ಜಾತಿಯ ಕಲ್ಲೇ. ಬಾವಿ ತೋಡಲು ಸಾಲ ಕೊಟ್ಟಾಗ ಸಂಘದ ದುಡ್ಡು ಇಳಿಯುವುದೂ ಇದೇ ಕಲ್ಲಿನೊಳಕ್ಕೆ. ಆದ್ದರಿಂದ ಈ ಲೇಖನ ಬಂಡೆಯ ಪೂರ್ವೋತ್ತರಕ್ಕೇ ಮೀಸಲು.

ಕಲ್ಲಿನೊಳಗೆ ಏನಿದೆ?

ಗ್ರಾನೈಟಿನ ಚೂರೊಂದನ್ನು ಬಿಸಿಲಿಗೆ ಹಿಡಿದು ನೋಡಿ. ಗಾಜಿನ ಹಾಗೆ ಕಾಣುವ ಹರಳು ಬೆಣಚು. ಬಿಳುಪು ಇಲ್ಲವೇ ನಸುಗೆಂಪಾಗಿರುವುದು ಫೆಲ್ಡ್‌ಸ್ಪಾರ್. ಮಿಣಮಿಣ ಹೊಳೆಯುವ ಕರಿ ಚಕ್ಕೆ ಕಾಗೆಬಂಗಾರ. ಈ ಮೂರೂ ಒಂದನ್ನೊಂದು ಕಚ್ಚಿಕೊಂಡು ಕೂತಿವೆ, ನಡುವೆ ಗಾರೆಯಿಲ್ಲ, ಅಂಟಿಲ್ಲ. ಕರಗಿದ ಪಾಕ ನೆಲದ ಆಳದಲ್ಲಿ ಬಹಳ ನಿಧಾನವಾಗಿ ಆರಿದರೆ ಮಾತ್ರ ಹರಳುಗಳು ಹೀಗೆ ದಪ್ಪಗೆ ಬೆಳೆಯುತ್ತವೆ. ಅಂಗಡಿಯಲ್ಲಿ ‘ಬ್ಲ್ಯಾಕ್ ಗ್ರಾನೈಟ್’ ಅಂತ ಮಾರುವ ಚಾಮರಾಜನಗರದ ಕರಿಕಲ್ಲು ನಿಜವಾಗಿ ಗ್ರಾನೈಟ್ ಅಲ್ಲ. ಅದು ಡಾಲರೈಟ್ ಎಂಬ ಬೇರೆ ಜಾತಿಯ ಕಲ್ಲು. ವ್ಯಾಪಾರದ ಹೆಸರೇ ಬೇರೆ, ಶಾಸ್ತ್ರದ ಹೆಸರೇ ಬೇರೆ.

ನೀರೋ, ಬೆಂಕಿಯೋ?

ಇನ್ನೂರೈವತ್ತು ವರ್ಷದ ಹಿಂದೆ ಇದು ಯೂರೋಪಿನ ಪಂಡಿತರಲ್ಲಿ ದೊಡ್ಡ ಜಗಳದ ವಿಷಯವಾಗಿತ್ತು. ಜರ್ಮನಿಯ ವೆರ್ನರ್ ಎಂಬ ಹೆಸರಾಂತ ಗುರು, ಆದಿಯಲ್ಲಿ ಭೂಮಿಯನ್ನೆಲ್ಲಾ ಮುಚ್ಚಿದ್ದ ಸಾಗರದ ನೀರಿನಲ್ಲಿ ಗ್ರಾನೈಟ್ ಉಪ್ಪಿನ ಹಾಗೆ ಹರಳುಗಟ್ಟಿ ಕೂತಿತು, ಆದ್ದರಿಂದ ಅದೇ ಎಲ್ಲಕ್ಕಿಂತ ಹಳೆಯ ಕಲ್ಲು ಎಂದು ಪಾಠ ಹೇಳುತ್ತಿದ್ದ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಇದನ್ನು ಒಪ್ಪಲಿಲ್ಲ. ಈತ ವೈದ್ಯ ಓದಿ, ಆ ವೃತ್ತಿ ಬಿಟ್ಟು, ವರ್ಷಗಟ್ಟಲೆ ಬೇಸಾಯ ಮಾಡಿದ ಮನುಷ್ಯ. 1785ರಲ್ಲಿ ಗ್ಲೆನ್ ಟಿಲ್ಟ್ ಎಂಬ ಕಣಿವೆಯ ಹೊಳೆಯಲ್ಲಿ, ಕಪ್ಪು ಕಲ್ಲಿನ ಬಿರುಕುಗಳೊಳಕ್ಕೆ ಕೆಂಪು ಗ್ರಾನೈಟ್ ಎಳೆ ಎಳೆಯಾಗಿ ನುಗ್ಗಿರುವುದನ್ನು ಕಂಡ. ನುಗ್ಗಬೇಕಾದರೆ ಅದು ಕರಗಿ ಹರಿಯುತ್ತಿರಬೇಕು, ನುಗ್ಗಿಸಿಕೊಂಡ ಕಲ್ಲು ಮೊದಲೇ ಅಲ್ಲಿರಬೇಕು. ಹಟನ್‌ನ ಸಂಭ್ರಮ ನೋಡಿ ಜತೆಗಿದ್ದವರು ಬೆಳ್ಳಿಯೋ ಬಂಗಾರವೋ ಸಿಕ್ಕಿಬಿಟ್ಟಿತು ಅಂದುಕೊಂಡರಂತೆ!

ಅಲ್ಲಿಗೆ ಬೆಂಕಿಯ ಪಕ್ಷ ಗೆದ್ದಿತು. ಆದರೆ ನೀರಿನ ಪಾಲು ಪೂರ್ತಿ ಸುಳ್ಳಾಗಲಿಲ್ಲ. ಅಮೆರಿಕದ ಟಟಲ್ ಮತ್ತು ಬೋವೆನ್ 1958ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ವಿಶೇಷ ಗೊತ್ತಾಯಿತು. ಒಣಗಿದ್ದರೆ ಗ್ರಾನೈಟ್ ಕರಗಲು 950 ಡಿಗ್ರಿಗೂ ಮೇಲಿನ ಶಾಖ ಬೇಕು. ಆಳದ ಒತ್ತಡದಲ್ಲಿ ನೀರು ಜತೆಗೂಡಿದರೆ 650ರಿಂದ 700 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗುತ್ತದೆ. 1983ರಲ್ಲಿ ಕ್ಯಾಂಪ್‌ಬೆಲ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದು, ನೀರಿಲ್ಲದೆ ಗ್ರಾನೈಟ್ ಇಲ್ಲ, ಸಾಗರವಿಲ್ಲದೆ ಖಂಡಗಳೇ ಇಲ್ಲ ಎಂದು ವಾದಿಸಿದರು. ಚಂದ್ರನಲ್ಲಿ ನೋಡಿ, ಅಲ್ಲಿಂದ ತಂದ ಕಲ್ಲುಗಳಲ್ಲಿ ಗ್ರಾನೈಟಿನ ಚೂರುಗಳು ಸಿಕ್ಕಿದ್ದು ತೀರಾ ಅಪರೂಪ. ನಮ್ಮ ಭೂಮಿಯಲ್ಲಾದರೋ ಬೆಟ್ಟಕ್ಕೆ ಬೆಟ್ಟವೇ ಅದು.

ಭೂಮಿಯ ಮೊದಲ ಸಿಪ್ಪೆ

ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷ ಆಯಿತು. ಮೊದಲು ಅದು ಕುದಿಯುವ ಕಲ್ಲಿನ ಪಾಕ. ಮೇಲೆ ಆರಿ ಕಟ್ಟಿದ ಸಿಪ್ಪೆ ಬಹುಮಟ್ಟಿಗೆ ಕಪ್ಪು ಬಸಾಲ್ಟ್ ಜಾತಿಯದು. ವಿಜಯಪುರದ ಗೋಲಗುಮ್ಮಟ ಕಟ್ಟಿದ ಕಪ್ಪು ಕಲ್ಲು ಬಹಳ ಈಚಿನದಾದರೂ ಇದೇ ಬಸಾಲ್ಟ್ ಜಾತಿಗೆ ಸೇರಿದ್ದು. ನೀರುಂಡ ಈ ಬಸಾಲ್ಟ್ ಹತ್ತಾರು ಕಿಲೋಮೀಟರ್ ಆಳಕ್ಕೆ ಹೋಗಿ ಕಾದಾಗ ಪೂರ್ತಿ ಕರಗುವುದಿಲ್ಲ. ಬೆಣ್ಣೆ ಕಾಯಿಸಿದರೆ ತುಪ್ಪ ಮೇಲೆ ನಿಂತು ಗಸಿ ತಳಕ್ಕೆ ಇಳಿಯುವುದಿಲ್ಲವೇ, ಹಾಗೆಯೇ ಬೆಣಚು, ಫೆಲ್ಡ್‌ಸ್ಪಾರ್ ಕೊಡುವ ಹಗುರ ಅಂಶ ಕರಗಿ ಮೇಲೇರಿತು, ಭಾರದ ಗಸಿ ಕೆಳಗುಳಿಯಿತು. ಒಂದು ತಟ್ಟೆ ಇನ್ನೊಂದರಡಿಗೆ ಜಾರಿದ್ದರಿಂದ ಇದು ಆಯಿತು ಅಂತ ಕೆಲವರು, ದಪ್ಪಗಟ್ಟಿದ ಸಿಪ್ಪೆಯ ತಳವೇ ಬೆಂದು ಆಯಿತು ಅಂತ ಕೆಲವರು. ಈ ಚರ್ಚೆ ಇನ್ನೂ ಮುಗಿದಿಲ್ಲ.

ಹೀಗೆ ಹುಟ್ಟಿದ ಕಲ್ಲು ನೀರಿಗಿಂತ ಸುಮಾರು 2.7 ಪಟ್ಟು ಭಾರ, ಬಸಾಲ್ಟ್ ಸುಮಾರು 3 ಪಟ್ಟು. ವ್ಯತ್ಯಾಸ ಚಿಕ್ಕದು, ಪರಿಣಾಮ ದೊಡ್ಡದು. ಸಾಗರ ತಳದ ಬಸಾಲ್ಟ್ ಮತ್ತೆ ಮತ್ತೆ ಭೂಮಿಯೊಳಕ್ಕೆ ಇಳಿದು ಹೋಗುತ್ತದೆ. ಈಗಿರುವ ಮಹಾಸಾಗರಗಳ ತಳ ಬಹುಪಾಲು 20 ಕೋಟಿ ವರ್ಷದೊಳಗಿನದು. ಹಗುರವಾದ ಗ್ರಾನೈಟ್ ಜಾತಿಯ ಕಲ್ಲು ಮಾತ್ರ ತೆಪ್ಪದ ಹಾಗೆ ಮೇಲೆಯೇ ಉಳಿಯಿತು. ನಾವು ಕಾಲಿಟ್ಟು ನಿಲ್ಲುವ ಒಣ ನೆಲ ಆದದ್ದು ಹೀಗೆ.

ಇಷ್ಟು ಹಿಂದಿನ ಲೆಕ್ಕ ಸಿಕ್ಕಿದ್ದಾದರೂ ಹೇಗೆ? ಗ್ರಾನೈಟಿನಲ್ಲಿ ಜಿರ್ಕಾನ್ ಎಂಬ ಅತಿ ಸಣ್ಣ, ಅತಿ ಗಟ್ಟಿ ಹರಳು ಇರುತ್ತದೆ. ಹುಟ್ಟುವಾಗ ಅದು ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಮುಂದೆ ಯುರೇನಿಯಂ ಒಂದೇ ಗತಿಯಲ್ಲಿ ಸೀಸವಾಗುತ್ತಾ ಹೋಗುತ್ತದೆ. ಅದರ ಮುಖ್ಯ ಜಾತಿ ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಹಿಡಿಯುತ್ತದೆ. ಎಷ್ಟು ಸೀಸ ಸೇರಿದೆ ಅಂತ ಅಳೆದರೆ ವಯಸ್ಸು ಸಿಕ್ಕಿತು. ನಮ್ಮ ಸಂಘದ ಲೆಡ್ಜರಿನ ಹಾಗೆ, ತಾರೀಕು ತಪ್ಪುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಒಂದು ಜಿರ್ಕಾನ್‌ಗೆ ಸುಮಾರು 440 ಕೋಟಿ ವರ್ಷ ಎಂದು 2001ರಲ್ಲಿ ವರದಿಯಾಯಿತು. ಅಷ್ಟು ಹೊತ್ತಿಗಾಗಲೇ ಭೂಮಿಯ ಮೇಲೆ ನೀರಿತ್ತು ಎಂಬುದಕ್ಕೂ ಆ ಹರಳುಗಳಲ್ಲೇ ಸುಳಿವು ಸಿಕ್ಕಿತು. ಬಂಡೆಯಾಗಿಯೇ ಉಳಿದವುಗಳಲ್ಲಿ ಕೆನಡಾದ ಅಕಾಸ್ಟಾ ಬಂಡೆಗೆ ಸುಮಾರು 400 ಕೋಟಿ ವರ್ಷ.

ನಮ್ಮ ನಾಡಿನ ಕಲ್ಲು

ಇನ್ನು ನಮ್ಮ ಮನೆಯ ವಿಚಾರ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಸೀಮೆಯನ್ನೆಲ್ಲಾ ಸುತ್ತಿ ಧಾರವಾಡ ಶಿಲೆಗಳಿಗೆ ಆ ಹೆಸರಿಟ್ಟರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿತು. ಅದರ ಮುಖ್ಯಸ್ಥರಾಗಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ನಮ್ಮ ಬೂದುಬಣ್ಣದ ಪಟ್ಟೆ ಪಟ್ಟೆ ಬಂಡೆಗೆ ‘ಪೆನಿನ್ಸುಲರ್ ನೈಸ್’ ಎಂದು ನಾಮಕರಣ ಮಾಡಿದರು. ಅದು ಧಾರವಾಡ ಶಿಲೆಗಳಿಗಿಂತ ಈಚಿನದು ಅಂತ ಅವರ ಎಣಿಕೆ. ವಯಸ್ಸು ಅಳೆಯುವ ವಿದ್ಯೆ ಬಂದ ಮೇಲೆ ಲೆಕ್ಕ ತಿರುವುಮುರುವಾಯಿತು. ಈ ನೈಸಿನ ಬಹುಭಾಗವೇ ಹಳೆಯದು, ಧಾರವಾಡದ ಪದರಗಳು ಅದರ ಮೇಲೆ ಕೂತವು. ಹಾಸನ ಜಿಲ್ಲೆಯ ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯೂ ಇದೇ ಜಾತಿ, ಸುಮಾರು 300 ಕೋಟಿ ವರ್ಷದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಆಮೇಲೆ, ಸುಮಾರು 252 ಕೋಟಿ ವರ್ಷದ ಹಿಂದೆ, ಈ ಹಳೆಯ ನೈಸ್ ತಳದಲ್ಲಿ ಮತ್ತೆ ಬೆಂದಿತು. ಇನ್ನೂ ಆಳದಿಂದ ಬಂದ ಪಾಕವೂ ಕೂಡಿಕೊಂಡು, ಪೊಟ್ಯಾಷ್ ಹೆಚ್ಚಿರುವ ನಸುಗೆಂಪು ಗ್ರಾನೈಟ್ ಮೇಲೆದ್ದಿತು. ರಾಮನಗರದ ಹಳೆಯ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು. ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರ್ ಉದ್ದ. ರಾಮನಗರದ ಬೆಟ್ಟಗಳು, ಮಾಗಡಿಯ ಸಾವನದುರ್ಗ, ಪಾವಗಡದ ದುರ್ಗ ಎಲ್ಲ ಈ ಸಾಲಿನವೇ. ನಮ್ಮೂರು ಕೂತಿರುವುದೂ ಇದೇ ಪಟ್ಟಿಯ ಮೇಲೆ. ಇದನ್ನು ಹೆಜ್ಜೆ ಹೆಜ್ಜೆಗೂ ನೋಡಿ 1956ರಲ್ಲಿ ಗ್ರಂಥ ಬರೆದವರು ನಮ್ಮವರೇ ಆದ ಡಾ. ಬಿ.ಪಿ. ರಾಧಾಕೃಷ್ಣ. 2012ರಲ್ಲಿ ತೀರಿಕೊಂಡ ಈ ಹಿರಿಯರು ಕನ್ನಡದಲ್ಲೂ ವಿಜ್ಞಾನ ಬರೆದರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಬಾವಿಯ ಲೆಕ್ಕ

ಸದಸ್ಯ ಬಂಧುಗಳೇ, ಇದೆಲ್ಲಾ ಕಟ್ಟಿಕೊಂಡು ನಮಗೇನು ಅಂತ ಕೇಳಬಹುದು. ನೀರಿನಿಂದ ಹುಟ್ಟಿದ ಕಲ್ಲಾದರೂ ಬಿರುಕಿಲ್ಲದ ಗ್ರಾನೈಟ್ ತನ್ನೊಳಗೆ ನೀರಿಗೆ ಕೊಡುವ ಜಾಗ ನೂರಕ್ಕೆ ಒಂದು ಪಾಲೂ ಇಲ್ಲ. ಮಳೆ ಗಾಳಿಗೆ ಫೆಲ್ಡ್‌ಸ್ಪಾರ್ ಜೇಡಿಯಾಗಿ, ಬೆಣಚು ಮರಳಾಗಿ ಉದುರಿ, ಮೇಲುಗಡೆ ಗರಸಿನ ಪದರ ಆಗಿದೆಯಲ್ಲ, ನಮ್ಮ ತೆರೆದ ಬಾವಿಗಳಿಗೆ ನೀರು ಕೊಟ್ಟದ್ದು ಅದೇ. ಅದರ ಕೆಳಗೆ ನೀರಿರುವುದು ಬಿರುಕುಗಳಲ್ಲಿ ಮಾತ್ರ, ಆಳ ಹೋದಷ್ಟೂ ಬಿರುಕು ಕಡಿಮೆ. ಐನೂರು ಅಡಿಗೆ ಸಿಗದ್ದು ಸಾವಿರ ಅಡಿಗೆ ಸಿಕ್ಕೇ ಸಿಗುತ್ತದೆ ಅನ್ನುವುದು ಆಸೆಯೇ ಹೊರತು ಲೆಕ್ಕವಲ್ಲ. ಆ ಆಸೆಗೆ ಮಾಡಿದ ಸಾಲ ಮಾತ್ರ ಪುಸ್ತಕದಲ್ಲಿ ನಿಂತೇ ಇರುತ್ತದೆ. ಕೆರೆ ಹೂಳೆತ್ತಿ, ಬದು ಕಟ್ಟಿ, ಗರಸಿನ ಪದರಕ್ಕೆ ಮಳೆನೀರು ಇಳಿಸಿದರೆ ಅದು ಠೇವಣಿ ಇಟ್ಟ ಹಾಗೆ. ಬರೀ ಕೊರೆದು ಎತ್ತುವುದು ಅಸಲನ್ನೇ ತಿಂದ ಹಾಗೆ.

ಬಂಡೆಯ ವಿಚಾರವೂ ಅಷ್ಟೆ. ನಮ್ಮ ಕಲ್ಲುಕುಟಿಗರು ಬೆಂಕಿ ಹಾಕಿ, ಉಳಿ ಇಟ್ಟು, ಬೇಕಾದಷ್ಟೇ ಚಪ್ಪಡಿ ಎಬ್ಬಿಸುತ್ತಿದ್ದರು. ಸಿಡಿಮದ್ದಿಗೆ ಒಂದು ಗುಡ್ಡ ಕರಗಲು ಕೆಲವೇ ವರ್ಷ ಸಾಕು. ಮನೆ ಕಟ್ಟಲು, ರಸ್ತೆ ಹಾಕಲು ಜಲ್ಲಿ ಬೇಡವೇ ಅಂದರೆ ಬೇಕು, ಕ್ವಾರಿಯಿಂದ ಅನ್ನ ತಿನ್ನುವ ಸಂಸಾರಗಳೂ ಇವೆ. ಆದರೂ ಯಾವ ಬಂಡೆ ಒಡೆಯಬಹುದು, ಯಾವುದನ್ನು ಬಿಡಬೇಕು ಎಂದು ಊರು ಕೂತು ತೀರ್ಮಾನಿಸಬೇಕು. ಒಡೆದದ್ದು ಮತ್ತೆ ಬೆಳೆಯುವುದಿಲ್ಲ.

ಸಣ್ಣ ಸಣ್ಣ ಹರಳುಗಳು ಒಂದಕ್ಕೊಂದು ಕಚ್ಚಿಕೊಂಡದ್ದರಿಂದಲೇ ಈ ಕಲ್ಲಿಗೆ ಅಷ್ಟು ಗಟ್ಟಿತನ. ಸಂಘವೂ ಸಣ್ಣ ಸಣ್ಣ ಷೇರುಗಳಿಂದ ಹಾಗೆಯೇ ಕಟ್ಟಿಕೊಂಡದ್ದು. ಬೆಳ್ಳಿಹಬ್ಬ ಕಂಡ ನಮ್ಮ ಸಂಘ ಬಂಡೆಯಂತೆ ಗಟ್ಟಿಯಾಗಿರಲಿ, ಊರಿನ ಬಾವಿಗಳಲ್ಲಿ ನೀರು ನಿಲ್ಲಲಿ ಎಂದು ಹಾರೈಸುತ್ತೇನೆ.