ಮುಟ್ಟು ನಿಂತ ಮೇಲಿನ ಗುಪ್ತಾಂಗದ ತುರಿಕೆ: ಚಿಕಿತ್ಸೆ ಪಡೆಯದಿದ್ದರೆ ಏನಾಗುತ್ತದೆ?

ಲೈಕನ್ ಸ್ಕ್ಲೆರೋಸಸ್ ಎಂಬುದು ಯೋನಿಯ ಹೊರಭಾಗದ ಚರ್ಮಕ್ಕೆ ಬರುವ ದೀರ್ಘಕಾಲದ ಕಾಯಿಲೆ. ಮುಟ್ಟು ನಿಂತ ಮಹಿಳೆಯರಲ್ಲಿ ಹೆಚ್ಚು. ತುರಿಕೆ, ಬಿಳಿಚಿದ ತೆಳು ಚರ್ಮ, ಬಿರುಕು ಇದರ ಲಕ್ಷಣಗಳು. ಇದು ಅಂಟುರೋಗವಲ್ಲ, ಸ್ವಚ್ಛತೆಯ ಕೊರತೆಯಿಂದಲೂ ಬರುವುದಿಲ್ಲ.

ಚಿಕಿತ್ಸೆ ಪಡೆಯದಿದ್ದರೆ

ಒಳತುಟಿಗಳು ಅಂಟಿಕೊಂಡು ಯೋನಿದ್ವಾರ ಕಿರಿದಾಗಬಹುದು. ಮೂತ್ರ ಮಾಡುವಾಗ ಉರಿ, ಲೈಂಗಿಕ ಸಂಪರ್ಕದಲ್ಲಿ ನೋವು ಉಂಟಾಗಬಹುದು. ಅಂಟಿಕೊಂಡ ಭಾಗ ಮುಲಾಮಿನಿಂದ ಬಿಡಿಸಿಕೊಳ್ಳುವುದಿಲ್ಲ. 100ರಲ್ಲಿ 5ಕ್ಕಿಂತ ಕಡಿಮೆ ಮಹಿಳೆಯರಲ್ಲಿ ಕ್ಯಾನ್ಸರ್ ಬರಬಹುದು; ನಿಯಮಿತ ಚಿಕಿತ್ಸೆ ಈ ಅಪಾಯವನ್ನು ತಗ್ಗಿಸುತ್ತದೆ.

ಔಷಧ

ಸಾಮಾನ್ಯವಾಗಿ ಕ್ಲೋಬೆಟಾಸಾಲ್ 0.05% ಮುಲಾಮನ್ನು ಸುಮಾರು 3 ತಿಂಗಳು ಹಚ್ಚಲು ಹೇಳುತ್ತಾರೆ. ಒಳಗಿನ ಚೀಟಿಯಲ್ಲಿ ‘ಜನನಾಂಗಕ್ಕೆ ಬೇಡ’ ಎಂದಿದ್ದರೂ ಗಾಬರಿಯಾಗಬೇಡಿ. ಈ ಕಾಯಿಲೆಗೆ ವೈದ್ಯರು ತಿಳಿದೇ ಬರೆದಿರುತ್ತಾರೆ. ತುರಿಕೆ ನಿಂತಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ಗಜಕರ್ಣದ ಕ್ರೀಮ್ ಕೊಳ್ಳಬೇಡಿ.

ಯಾವಾಗ ತೋರಿಸಬೇಕು?

ತುರಿಕೆ ಕಡಿಮೆಯಾಗದಿದ್ದರೆ ತೋರಿಸಿ. ಮಾಯದ ಹುಣ್ಣು, ಗಂಟು, ರಕ್ತಸ್ರಾವ ಇದ್ದರೆ ತಡಮಾಡಬೇಡಿ. ಡೊಂಬಿವಲಿ ಎಂಐಡಿಸಿ ಸುತ್ತಲಿನವರು ಮೊದಲು ಮಹಾನಗರಪಾಲಿಕೆಯ ಶಾಸ್ತ್ರಿನಗರ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಅಮ್ಮನಿಗೋ ಅತ್ತೆಗೋ ಮರಾಠಿಯಲ್ಲಿ ಹೇಳಲು ಸಂಕೋಚವಾದರೆ, ತೊಂದರೆಯನ್ನು ಚೀಟಿಯಲ್ಲಿ ಬರೆದುಕೊಡಿ. ಚರ್ಮವನ್ನು ಪರೀಕ್ಷಿಸಲು ಕೇಳಿ.