ಇಯಾಗೊವಿನ ಲೆಕ್ಕಾಚಾರ

ಇಟಲಿಯ ಕಥೆಗಾರನಾದ ಚಿಂತಿಯೊ ೧೫೬೫ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ, ವೆನಿಸ್ ರಾಜ್ಯದ ಸೇವೆಯಲ್ಲಿದ್ದ ಮೂರ್ ಜನಾಂಗದ ಸೇನಾನಿಯೊಬ್ಬನ ವೃತ್ತಾಂತವಿದೆ. ಅವನ ಧ್ವಜಧಾರಿಯು ಒಡೆಯನ ಪತ್ನಿಯನ್ನು ಮೋಹಿಸಿ, ಆಕೆ ತಿರುಗಿಯೂ ನೋಡದಿರಲು, ಮೋಹವು ಹಗೆಯಾಗಿ ಅವಳ ಶೀಲದ ಮೇಲೆ ಅಪವಾದವನ್ನು ಹೊರಿಸುತ್ತಾನೆ. ಕೊನೆಗೆ ಮರಳು ತುಂಬಿದ ಕಾಲುಚೀಲದಿಂದ ಅವಳನ್ನು ಹೊಡೆದು ಕೊಂದು, ಒಡೆಯನೂ ಭೃತ್ಯನೂ ಕೂಡಿ ಮಾಳಿಗೆಯನ್ನು ಕೆಡವಿ, ಮನೆ ಕುಸಿದು ಸತ್ತಳೆಂದು ಊರನ್ನು ನಂಬಿಸುತ್ತಾರೆ. ಈ ಒರಟು ಕಥೆಯಿಂದ ಹುಟ್ಟಿದುದೇ ಷೇಕ್ಸ್‌ಪಿಯರ್ ಮಹಾಕವಿಯ ‘ಒಥೆಲೊ’. ಅದು ೧೬೦೪ನೆಯ ನವೆಂಬರು ೧ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಅಭಿನಯಿಸಲ್ಪಟ್ಟಿತು. ಕವಿ ತೀರಿಕೊಂಡು ಆರು ವರ್ಷಗಳಾದ ಮೇಲೆ, ೧೬೨೨ರಲ್ಲಿ, ಅಚ್ಚಾಯಿತು. ಬಸವಪ್ಪಶಾಸ್ತ್ರಿಗಳು ಅದನ್ನೇ ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದುದು ಸಾಹಿತ್ಯಾಭಿಮಾನಿಗಳಿಗೆ ವಿದಿತವೇ ಆಗಿದೆ.

ಮೂಲದಲ್ಲಿ ಹೆಸರೂ ಇಲ್ಲದ ಧ್ವಜಧಾರಿಗೆ ಕವಿಯು ಇಯಾಗೊ ಎಂದು ಹೆಸರಿಟ್ಟನು. ಮೋಹವನ್ನು ಹಿಂದಕ್ಕೆ ಸರಿಸಿ, ಪದವಿಯ ಆಸೆಯನ್ನು ಮುಂದಿಟ್ಟನು. ನಗರದ ಮೂವರು ಗಣ್ಯರಿಂದ ಹೇಳಿಸಿದರೂ ಉಪಸೇನಾನಿಯ ಪದವಿ ತನಗೆ ದೊರೆಯದೆ, ರಣರಂಗವನ್ನು ಕಾಣದ ಪುಸ್ತಕಪಂಡಿತನೆಂದು ತಾನು ಹಳಿಯುವ ಕ್ಯಾಸಿಯೊವಿಗೆ ದೊರೆಯಿತೆಂಬುದು ಇಯಾಗೊವಿನ ಅಳಲು. ತನ್ನ ಹೆಂಡತಿಯ ವಿಷಯದಲ್ಲಿಯೂ ಒಥೆಲೊವಿನ ಮೇಲೆ ಸಂಶಯವುಂಟೆಂದು ಹೇಳಿಕೊಳ್ಳುತ್ತಾನೆ. ಆದರೆ ಅದು ನಿಜವೋ ಸುಳ್ಳೋ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಇದರೊಡನೆ ಮೂಲದಲ್ಲಿಲ್ಲದ ರೊಡರಿಗೊ ಎಂಬ ಹಣವಂತ ಮೂಢನನ್ನು ಕವಿ ಸೃಷ್ಟಿಸಿದನು. ಡೆಸ್ಡಿಮೋನಳಿಗೆ ತಲಪಿಸುವೆನೆಂದು ಅವನಿಂದ ಪಡೆದ ಒಡವೆಗಳೆಲ್ಲ ಇಯಾಗೊವಿನ ಸಂಚಿಯನ್ನು ಸೇರುತ್ತವೆ.

ಈ ಖಳನ ಕೇಡಿಗೆ ಕಾರಣವೇ ಇಲ್ಲ, ಅವನು ಹೇಳುವುದೆಲ್ಲ ಹುಡುಕಿ ತಂದ ನೆಪವೆಂಬುದು ವಿಮರ್ಶಕ ಕೋಲ್‌ರಿಜ್ಜನ ಪ್ರಸಿದ್ಧವಾದ ಅಭಿಪ್ರಾಯ. ಅದಕ್ಕೆ ಆಧಾರವೂ ಇಲ್ಲದಿಲ್ಲ. ಮೂರನೆಯ ಅಂಕದಲ್ಲಿಯೇ ಒಥೆಲೊ ಅವನನ್ನು ಉಪಸೇನಾನಿಯನ್ನಾಗಿ ಮಾಡುತ್ತಾನೆ. ಬೇಡಿದ್ದು ಕೈಸೇರಿದ ಮೇಲೂ ಅವನೇಕೆ ನಿಲ್ಲಲಿಲ್ಲ? ನಿಲ್ಲುವಂತಿರಲಿಲ್ಲ ಎನ್ನುವುದೇ ಯುಕ್ತವಾಗಿ ತೋರುತ್ತದೆ. ಹಳೆಯ ಬಡ್ಡಿಯನ್ನು ತೀರಿಸಲು ಹೊಸ ಸಾಲ ಮಾಡುವವನಂತೆ, ಅವನು ಒಂದು ಸುಳ್ಳನ್ನು ಉಳಿಸಲು ಮತ್ತೊಂದನ್ನು ಹೂಡಬೇಕು. ಐದನೆಯ ಅಂಕದ ಕತ್ತಲೆಯ ಬೀದಿಯಲ್ಲಿ ಅವನ ಎಣಿಕೆ ಸ್ಪಷ್ಟವಾಗಿದೆ: ರೊಡರಿಗೊ ಬದುಕಿದರೆ ಒಡವೆಗಳ ಲೆಕ್ಕ ಕೇಳುವನು, ಕ್ಯಾಸಿಯೊ ಬದುಕಿದರೆ ನಿಜ ಹೊರಬೀಳುವುದು. ಆದುದರಿಂದ ಇಬ್ಬರೂ ಸಾಯಬೇಕು. ಇದರಲ್ಲಿ ರಾಕ್ಷಸತ್ವಕ್ಕಿಂತ ಕಳ್ಳಲೆಕ್ಕದ ಗುಮಾಸ್ತನ ಭಯವೇ ಹೆಚ್ಚಾಗಿ ಕಾಣುತ್ತದೆ.

ಆ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿತ್ತು. ಚಿಂತಿಯೊವಿನ ಕಥೆಯಲ್ಲಿ ಧ್ವಜಧಾರಿಯು ತನ್ನ ಎಳೆಯ ಮಗುವನ್ನು ಒಡತಿಯ ಕೈಗಿತ್ತು, ಆಕೆ ಮುದ್ದಿಸುತ್ತಿರುವಾಗ ತಾನೇ ಕರವಸ್ತ್ರವನ್ನು ಕದಿಯುತ್ತಾನೆ. ನಾಟಕದಲ್ಲಿಯಾದರೋ ಬಿದ್ದ ಕರವಸ್ತ್ರವನ್ನು ಎತ್ತಿ ಗಂಡನಿಗೆ ಕೊಡುವವಳು ಎಮಿಲಿಯ. ಪ್ರತಿಯೊಬ್ಬನಿಗೂ ಒಂದು ಬೆಲೆಯುಂಟೆಂದು ನಂಬಿದ್ದ ಇಯಾಗೊವಿಗೆ, ದಿನವೂ ತಾನು ಹೀಯಾಳಿಸುತ್ತಿದ್ದ ಹೆಂಡತಿಯು ಸತ್ತ ಒಡತಿಯ ಮಾನಕ್ಕಾಗಿ ಲಾಭವಿಲ್ಲದೆ ನಿಜವನ್ನಾಡುವಳೆಂಬುದು ಹೊಳೆಯಲೇ ಇಲ್ಲ. ಬಾಯಿ ಮುಚ್ಚೆಂದು ಗದರಿಸಿದನು, ಮನೆಗೆ ಹೋಗೆಂದನು, ಕೊನೆಗೆ ಇರಿದನು. ಆ ವೇಳೆಗೆ ಅವಳು ಹೇಳಬೇಕಾದುದೆಲ್ಲವನ್ನೂ ಹೇಳಿಯಾಗಿತ್ತು.

ಮೂಲಕಥೆಯ ಧ್ವಜಧಾರಿ ಈ ಪಾಪದಿಂದ ನುಣುಚಿಕೊಂಡು, ಮುಂದೆ ಮತ್ತೊಂದು ಅಪರಾಧದಲ್ಲಿ ಸಿಕ್ಕಿಬಿದ್ದು ಸಾಯುತ್ತಾನೆ. ಷೇಕ್ಸ್‌ಪಿಯರನು ತನ್ನ ಖಳನನ್ನು ರಂಗದ ಮೇಲೆ ಕೊಲ್ಲಿಸಲಿಲ್ಲ. ಇನ್ನು ಮಾತಾಡುವುದಿಲ್ಲವೆಂದು ಹಟತೊಟ್ಟು ನಿಂತ ಅವನ ಮುಂದೆ ಸೈಪ್ರಸ್ ದ್ವೀಪದ ಅಧಿಕಾರವು ಕ್ಯಾಸಿಯೊವಿನ ಕೈಸೇರುತ್ತದೆ. ಇಯಾಗೊವಿಗೆ ಯಾವ ಶಿಕ್ಷೆ, ಯಾವ ಹೊತ್ತಿನಲ್ಲಿ, ಎಲ್ಲಿ ಎಂಬುದನ್ನು ನಿಶ್ಚಯಿಸತಕ್ಕವನೂ ಅವನೇ.