ಮಲ್ಲಿಗೆ ಮತ್ತು ಮೊಲಿ: ಚೀನೀ ಸಸ್ಯಸಾಹಿತ್ಯದ ಒಂದು ಹೆಸರೂ ಶಂಕರಪುರದ ಹೂದೋಟವೂ

1

ಪ್ರಾಚೀನ ಸಾಹಿತ್ಯದಲ್ಲಿ ಬರುವ ಗಿಡಮರಬಳ್ಳಿಗಳನ್ನು ವರ್ಣನೆಯ ಸಾಮಗ್ರಿಯೆಂದು ಭಾವಿಸುವುದು ನಮ್ಮ ವಿಮರ್ಶೆಯಲ್ಲಿ ವಾಡಿಕೆಯಾಗಿದೆ. ಆದರೆ ಸಸ್ಯನಾಮವೆಂಬುದು ಸಸ್ಯದ ಚರಿತ್ರೆಯನ್ನು ಹಿಡಿದಿಟ್ಟಿರುವ ದಾಖಲೆಯೂ ಹೌದು. ಅದು ಯಾರ ಕೈಯಿಂದ ಯಾರ ಕೈಗೆ ಬಂದಿತು, ಯಾವ ಬಳಕೆಯೊಂದಿಗೆ ಬಂದಿತು ಎಂಬುದನ್ನು ಹೆಸರು ಹಲವು ವೇಳೆ ಶಾಸನದಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಉಡುಪಿ ಜಿಲ್ಲೆಯ ಶಂಕರಪುರದ ಹೆಸರಿನೊಂದಿಗೆ ಬೆಸೆದುಕೊಂಡಿರುವ ಮಲ್ಲಿಗೆ ಇದಕ್ಕೆ ಒಳ್ಳೆಯ ನಿದರ್ಶನ. ಈ ಹೂವಿನ ಹೆಸರು ಚೀನೀ ಭಾಷೆಯ ಪ್ರಾಚೀನ ಗ್ರಂಥಗಳಲ್ಲಿ 'ಮೊಲಿ' ಎಂಬ ರೂಪದಲ್ಲಿ ದೊರೆಯುತ್ತದೆ. ಆ ಹೆಸರಿನ ಜಾಡನ್ನು ಗುರುತಿಸುವುದು ಮತ್ತು ಅದರ ಬೆಳಕಿನಲ್ಲಿ ನಮ್ಮ ಕರಾವಳಿಯ ಬೆಳೆಗಾರರ ಪದಸಂಪತ್ತಿನ ಮಹತ್ವವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಚೀನಾದಲ್ಲಿ ಕಾವ್ಯ ಮತ್ತು ಸಸ್ಯಜ್ಞಾನಗಳ ಸಂಬಂಧ ಬಹಳ ಹಳೆಯದು. ಅಲ್ಲಿನ ಆದಿಮ ಗೀತಸಂಕಲನವಾದ 'ಷಿಜಿಂಗ್' ಅನ್ನು ಓದಬೇಕಾದ ಕಾರಣಗಳಲ್ಲಿ ಹಕ್ಕಿ, ಮೃಗ, ಹುಲ್ಲು, ಮರಗಳ ಹೆಸರುಗಳನ್ನು ತಿಳಿಯುವುದೂ ಒಂದೆಂದು ಕನ್‌ಫ್ಯೂಷಿಯಸ್ ಶಿಷ್ಯರಿಗೆ ಹೇಳಿದ್ದನೆಂಬುದು ಅವನ ಸಂವಾದಗಳಿಂದ ತಿಳಿಯುತ್ತದೆ. ಕ್ರಿ.ಶ. ಮೂರನೆಯ ಶತಮಾನದಲ್ಲಿ ಲು ಜಿ ಎಂಬ ವಿದ್ವಾಂಸ ಆ ಗೀತಗಳಲ್ಲಿ ಬರುವ ಸಸ್ಯ, ಪ್ರಾಣಿ, ಮೀನು, ಕೀಟಗಳಿಗಾಗಿಯೇ ಪ್ರತ್ಯೇಕ ವ್ಯಾಖ್ಯಾನವನ್ನು ರಚಿಸಿದ. ಒಂದು ಕಾವ್ಯದ ಗಿಡವನ್ನು ಗುರುತಿಸಲು ಅದು ಎಲ್ಲಿ ಬೆಳೆಯುತ್ತದೆ, ಅದನ್ನು ಜನ ಏನೆಂದು ಕರೆಯುತ್ತಾರೆ, ಹೇಗೆ ಉಣ್ಣುತ್ತಾರೆ ಎಂಬುದನ್ನು ಕೇಳಿ ತಿಳಿಯಬೇಕೆಂಬ ವಿಧಾನ ಅಲ್ಲಿ ಅಷ್ಟು ಬೇಗ ರೂಪುಗೊಂಡಿತ್ತು.

ಉತ್ತರ ಚೀನಾದ ಈ ಹಳೆಯ ಗೀತಗಳಲ್ಲಿ ಮಲ್ಲಿಗೆಗೆ ಸ್ಥಾನವಿಲ್ಲ. ಅದು ಕಾಣಿಸಿಕೊಳ್ಳುವುದು ದಕ್ಷಿಣದ ಸಸ್ಯಗಳನ್ನು ವಿವರಿಸುವ 'ನಾನ್‌ಫಾಂಗ್ ತ್ಸಾವೊಮು ಝ್ವಾಂಗ್' ಎಂಬ ಗ್ರಂಥದಲ್ಲಿ. ಸಂಪ್ರದಾಯ ಇದನ್ನು ಜಿ ಹಾನ್ ಎಂಬ ಅಧಿಕಾರಿಗೆ ಆರೋಪಿಸಿ ಕ್ರಿ.ಶ. 304ರ ಕೃತಿಯೆಂದು ಹೇಳುತ್ತದೆ. ಈಗ ದೊರೆಯುವ ಪಾಠ ಹನ್ನೆರಡನೆಯ ಶತಮಾನದ ಸುಮಾರಿಗೆ ಸಂಕಲಿತವಾದುದೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಕಾಲ ಯಾವುದೇ ಇರಲಿ, ಅದರ ವಿವರಣೆ ಗಮನಾರ್ಹವಾಗಿದೆ. ಅದರಲ್ಲಿ ಎರಡು ಪರಿಮಳದ ಹೂಗಳ ಉಲ್ಲೇಖವಿದೆ. ಒಂದರ ಹೆಸರು 'ಯೆಶಿಮಿಂಗ್'. ಇದು ಪರ್ಷಿಯನ್ನರ 'ಯಾಸಮೀನ್' ಎಂಬುದರ ರೂಪ. ಇನ್ನೊಂದು 'ಮೊಲಿ', ಸಂಸ್ಕೃತದ 'ಮಲ್ಲಿಕಾ' ಶಬ್ದದ ರೂಪ. ಇವೆರಡನ್ನೂ ಪಶ್ಚಿಮ ದೇಶಗಳಿಂದ ಬಂದ ವಿದೇಶೀಯರು ದಕ್ಷಿಣ ಸಮುದ್ರದ ತೀರಕ್ಕೆ ತಂದು ನೆಟ್ಟರೆಂದೂ ಅಲ್ಲಿಯ ಹೆಂಗಸರು ಬಣ್ಣದ ನೂಲನ್ನು ಹೂವಿನ ನಡುವೆ ಹಾಯಿಸಿ ತಲೆಗೆ ಮುಡಿಯುತ್ತಿದ್ದರೆಂದೂ ಗ್ರಂಥ ತಿಳಿಸುತ್ತದೆ.

ಬೌದ್ಧ ಗ್ರಂಥಗಳ ಅನುವಾದವೂ ಈ ಶಬ್ದವನ್ನು ಚೀನಾದಲ್ಲಿ ನೆಲೆಗೊಳಿಸಿತು. ಕೋಸಲದ ಪ್ರಸೇನಜಿತನ ರಾಣಿ ಮಲ್ಲಿಕೆಯ ಹೆಸರು ಅಲ್ಲಿ ಇದೇ ಧ್ವನಿಯ ಅಕ್ಷರಗಳಲ್ಲಿ ಬರೆಯಲ್ಪಟ್ಟಿತು. ಆಕೆ ಹೂಮಾಲೆ ಕಟ್ಟುವವನ ಮಗಳೆಂಬ ಪಾಲಿ ಪರಂಪರೆಯ ಕಥೆಯನ್ನು ಇಲ್ಲಿ ನೆನೆಯಬಹುದು. 1578ರಲ್ಲಿ ತನ್ನ ಬೃಹತ್ ಔಷಧಕೋಶವನ್ನು ಪೂರೈಸಿದ ಲಿ ಷಿಝೆನ್ ಈ ಹೆಸರಿನ ಐದಾರು ಬರಹರೂಪಗಳನ್ನು ಪಟ್ಟಿಮಾಡಿದ್ದಾನೆ. ಇದು ಪರಭಾಷೆಯ ಮಾತಾದುದರಿಂದ ಇದಕ್ಕೆ ಸರಿಯಾದ ಅಕ್ಷರವೆಂಬುದೇ ಇಲ್ಲ, ಬರೆಯುವವರು ತಮಗೆ ತೋಚಿದಂತೆ ಬರೆದಿದ್ದಾರೆ ಎಂಬುದು ಅವನ ತೀರ್ಮಾನ. ನಾಲ್ಕು ಶತಮಾನಗಳ ಹಿಂದೆಯೇ ಒಬ್ಬ ವೈದ್ಯ ಮಾಡಿದ ಈ ಶಬ್ದನಿಷ್ಪತ್ತಿ ಇಂದಿಗೂ ಮಾನ್ಯ.

3

ಸಸ್ಯಶಾಸ್ತ್ರವೂ ಇದನ್ನು ಪುಷ್ಟೀಕರಿಸುತ್ತದೆ. ಶಂಕರಪುರದ ಮಲ್ಲಿಗೆ ಮತ್ತು ಚೀನಾದ ಮೊಲಿ ಎರಡೂ ಒಂದೇ ಪ್ರಭೇದ: ಜಾಸ್ಮಿನಮ್ ಸಂಬಕ್. ಕೃಷಿಯಲ್ಲಿರುವ ಇದರ ತಳಿಗಳು ಬೀಜ ಕಟ್ಟುವುದು ಅಪರೂಪ. ಗೆಲ್ಲನ್ನು ಊರಿ ಬೇರು ಬರಿಸಿಯೇ ಹೊಸ ಗಿಡ ಮಾಡಬೇಕು. ಗಾಳಿಯೋ ಹಕ್ಕಿಯೋ ಒಯ್ಯಬಲ್ಲ ಗಿಡ ಇದಲ್ಲ. ಇದು ಕಡಲು ದಾಟಿದ್ದರೆ ಒಬ್ಬ ಮನುಷ್ಯ ಗೆಲ್ಲನ್ನು ಒಣಗದಂತೆ ಕಾಪಾಡಿ ಒಯ್ದಿರಬೇಕು. ಒಯ್ದವನು ಹೆಸರನ್ನೂ ನೆಡುವ ಕ್ರಮವನ್ನೂ ಜತೆಗೆ ಹೇಳಿಕೊಟ್ಟಿರಬೇಕು. ಆದುದರಿಂದಲೇ ಗಿಡ ಮತ್ತು ಹೆಸರು ಒಟ್ಟಿಗೆ ಪ್ರಯಾಣ ಮಾಡಿವೆ.

ಇಷ್ಟರಿಂದ ಚೀನಾದ ಮಲ್ಲಿಗೆ ತುಳುನಾಡಿನಿಂದಲೇ ಹೋಯಿತೆಂದು ಹೇಳುವುದು ಸಲ್ಲದು. ಬಾರಕೂರು, ಬಸರೂರುಗಳು ಮಧ್ಯಯುಗದ ಹೆಸರಾಂತ ಬಂದರುಗಳಾಗಿದ್ದುದು ನಿಜ. ಆದರೆ 'ಮಲ್ಲಿಕಾ' ಎಂಬುದು ಸಮಗ್ರ ಭಾರತಕ್ಕೆ ಸೇರಿದ ಶಬ್ದ. ಶಂಕರಪುರದ ವಾಣಿಜ್ಯ ಕೃಷಿಯಾದರೋ ಇತ್ತೀಚಿನ ಕಾಲದ ಬೆಳವಣಿಗೆ. ಹೆಸರಿನ ಸಾಮ್ಯ ಸಂಪರ್ಕವನ್ನು ತೋರುತ್ತದೆಯೇ ಹೊರತು ಮೂಲಸ್ಥಾನವನ್ನಲ್ಲ.

ಕವಿ ಸು ಷಿ 1097ರಲ್ಲಿ ಹೈನಾನ್ ದ್ವೀಪಕ್ಕೆ ಗಡೀಪಾರಾದಾಗ, ಅಲ್ಲಿಯ ಲಿ ಜನಾಂಗದ ಹೆಂಗಸು ಮಲ್ಲಿಗೆ ಮುಡಿದು ಅಡಿಕೆ ಜಗಿಯುತ್ತಿದ್ದುದನ್ನು ತನ್ನ ರಚನೆಯಲ್ಲಿ ದಾಖಲಿಸಿದ. ರಾಜಧಾನಿಯ ಕವಿಗೆ ಅದು ದೂರದೇಶದ ವಿಚಿತ್ರ. ಮಲ್ಲಿಗೆಯನ್ನೂ ಹಿಂಗಾರವನ್ನೂ ದೈವದ ಮುಂದೆ ಜತೆಯಾಗಿ ಇಡುವ ನಮ್ಮ ಕರಾವಳಿಗೆ ಅದು ಮನೆಯಂಗಳದ ನೋಟ.

4

ಕನ್ನಡ ಕಾವ್ಯ ಪರಂಪರೆಯಲ್ಲಿ ಪಂಪನ 'ವಿಕ್ರಮಾರ್ಜುನ ವಿಜಯ'ದ ಬನವಾಸಿ ವರ್ಣನೆ ಮಲ್ಲಿಗೆಯನ್ನು ನಾಡಿನ ನೆನಪಿಗೇ ಬೆಸೆದಿದೆ. ಪಂಪನಲ್ಲಿ ಮಲ್ಲಿಗೆಯೂ ಜಾತಿಯೂ, ಅಂದರೆ ಜಾಜಿಯೂ, ಬೇರೆ ಬೇರೆಯಾಗಿಯೇ ಬರುತ್ತವೆ. ಉಡುಪಿಯ ಹೂವಿನ ಪೇಟೆಯಲ್ಲಿ ಇಂದಿಗೂ ಅವು ಬೇರೆಯೇ. ಚಾವುಂಡರಾಯನ 'ಲೋಕೋಪಕಾರ', ಮಂಗರಾಜನ 'ಖಗೇಂದ್ರಮಣಿದರ್ಪಣ'ಗಳು ಕನ್ನಡದ ಸಸ್ಯಜ್ಞಾನಕ್ಕೆ ಸಾಕ್ಷಿ. ಆಧುನಿಕ ಕಾಲದಲ್ಲಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರವನ್ನು ಸಾಹಿತ್ಯದ ಅಂಗಳಕ್ಕೆ ತಂದಿತು. ಆದರೂ ಕಾವ್ಯದ ಗಿಡವನ್ನು ಬೆಳೆಗಾರನ ಮಾತಿನಿಂದ ವಿವರಿಸುವ ಲು ಜಿಯ ಮಾದರಿಯ ವ್ಯಾಖ್ಯಾನ ನಮ್ಮಲ್ಲಿ ಒಂದು ಪರಂಪರೆಯಾಗಿ ಬೆಳೆಯಲಿಲ್ಲ. ಆ ಕೊರತೆಯನ್ನು ತುಂಬಬಲ್ಲ ಸಾಮಗ್ರಿ ಜನಪದರ ಬಾಯಲ್ಲಿದೆ.

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿರುವ ಶಂಕರಪುರ ಇಂದಿನ ಕಾಪು ತಾಲ್ಲೂಕಿಗೆ ಸೇರಿದೆ. ಇಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ಕ್ರೈಸ್ತರು, ಬಂಟರು, ಬಿಲ್ಲವರು ಮೊದಲಾದ ಹಲವು ಸಮುದಾಯದವರು ಮನೆಯ ಹಿತ್ತಿಲು ಅಂಗಳಗಳಲ್ಲೇ ಮಲ್ಲಿಗೆ ಬೆಳೆಯುತ್ತಾರೆ. ಅರಳುವ ಮೊದಲೇ ಮೊಗ್ಗನ್ನು ಬೆಳಗ್ಗೆ ಕೊಯ್ದು, ಎಣಿಸಿ, ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂಗಳಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂಗಳು. ಶಂಕರಪುರದ ಕಟ್ಟೆಯಲ್ಲಿ ದಿನದಿನವೂ ನಿಶ್ಚಯವಾಗುವ ದರ ಅಟ್ಟೆಯ ಲೆಕ್ಕದ್ದು. ತೂಕವನ್ನೇ ನಂಬಿದ ಮಾರುಕಟ್ಟೆಗಳ ನಡುವೆ ಹೂವಿನ ಎಣಿಕೆಯನ್ನೇ ಅಳತೆಯಾಗಿಸಿಕೊಂಡ ವ್ಯವಸ್ಥೆ ಇದು.

ಇಲ್ಲಿಯ ಕ್ರಿಯಾಪದವೂ ವಿಚಾರಾರ್ಹ. ಚೀನೀ ಗ್ರಂಥದ ಹೆಂಗಸರು ಹೂವಿನ ನಡುವೆ ನೂಲು ಹಾಯಿಸುತ್ತಾರೆ, ಅದು 'ಪೋಣಿಸುವುದು'. ಶಂಕರಪುರದಲ್ಲಿ ಮೊಗ್ಗಿಗೆ ಗಾಯವಾಗದಂತೆ ನಾರಿನ ಗಂಟಿನಲ್ಲಿ ಹಿಡಿಯುತ್ತಾರೆ, ಅದು 'ಕಟ್ಟುವುದು'. ಚೀನಾದ ಫುಝೌ ಪ್ರದೇಶದಲ್ಲಿ ಇದೇ ಮೊಗ್ಗನ್ನು ಮಧ್ಯಾಹ್ನ ಕೊಯ್ದು, ರಾತ್ರಿ ಅರಳುವಾಗ ಚಹದ ಎಲೆಯೊಂದಿಗೆ ಬೆರೆಸಿ ಪರಿಮಳ ಹಿಡಿಸುತ್ತಾರೆ. ಕೊಯ್ದ ಮೇಲೂ ಮೊಗ್ಗು ಅರಳುತ್ತದೆ, ಅರಳುವಾಗಲೇ ಗಂಧ ಬಿಡುತ್ತದೆ ಎಂಬ ಒಂದೇ ತಿಳಿವಳಿಕೆಯ ಮೇಲೆ ಎರಡು ನಾಡುಗಳು ಎರಡು ಕಸುಬುಗಳನ್ನು ಕಟ್ಟಿವೆ. ಫುಝೌನ ಮಲ್ಲಿಗೆ-ಚಹ ಸಂಸ್ಕೃತಿಯನ್ನು 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆಯಾಗಿ ಗುರುತಿಸಿತು. ನಮ್ಮ ಉಡುಪಿ ಮಲ್ಲಿಗೆಗೂ 2000ರ ದಶಕದಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

5

ಭೌಗೋಳಿಕ ಸೂಚಕ ಹೂವಿನ ಹೆಸರನ್ನು ಕಾಯುತ್ತದೆ. ಹೂವಿನ ಸುತ್ತಲ ಮಾತನ್ನು ಕಾಯುವುದಿಲ್ಲ. ಎಣಿಸಿ ಕಟ್ಟುವ ದುಡಿಮೆ ಬಹುಮಟ್ಟಿಗೆ ಮನೆಯ ಹೆಂಗಸರ ಕೈಯನ್ನೇ ನಂಬಿದೆ. ಮುಂದಿನ ತಲೆಮಾರು ಮುಂಬಯಿಗೋ ಪರದೇಶಕ್ಕೋ ಹೊರಟ ಮನೆಯಲ್ಲಿ ಗಿಡ ಉಳಿದರೂ ಅಟ್ಟೆ, ಚೆಂಡು, ಗೆಲ್ಲು, ಕಟ್ಟೆ ಎಂಬ ಪದಗಳ ಒಳಗಿನ ತಿಳಿವಳಿಕೆ ಉಳಿಯಲಾರದು. ಮೂಲ್ಕಿಯ ಬಪ್ಪನಾಡಿನಲ್ಲಿ ದೇವಿಯ ಶಯನೋತ್ಸವಕ್ಕೆ ರಾಶಿಯಾಗಿ ಸಲ್ಲುವ ಮಲ್ಲಿಗೆ, ಮದುವೆಯ ಮುಡಿಗೆ ಸಲ್ಲುವ ಮಲ್ಲಿಗೆ, ಕ್ರೈಸ್ತರ ಹಿತ್ತಿಲಿನಿಂದ ದೈವದ ಗುಡಿಗೆ ಹೋಗುವ ಮಲ್ಲಿಗೆ: ಇವುಗಳ ನಡುವಣ ಸಾಮಾಜಿಕ ಸಂಬಂಧವೂ ಈ ಪದಗಳಲ್ಲೇ ಅಡಗಿದೆ.

ದೂರದ ಚೀನಾದಲ್ಲಿ ಲೇಖಕರು ಪರದೇಶದ ಒಂದು ಹೂವಿನ ಹೆಸರನ್ನೂ ಅದನ್ನು ಮುಡಿವ ಬಗೆಯನ್ನೂ ಬರೆದಿಟ್ಟುದರಿಂದಲೇ ಮಲ್ಲಿಗೆಯ ಕಡಲಯಾನ ನಮಗಿಂದು ತಿಳಿಯುತ್ತಿದೆ. ಅದೇ ಶ್ರದ್ಧೆಯಿಂದ ಶಂಕರಪುರ ಪರಿಸರದ ಬೆಳೆಗಾರರ ತುಳು, ಕೊಂಕಣಿ, ಕನ್ನಡ ಪದಗಳನ್ನು ಸಂಗ್ರಹಿಸಿ, ಹಳೆಗನ್ನಡ ಕಾವ್ಯಗಳ ಸಸ್ಯನಾಮಗಳೊಂದಿಗೆ ಹೋಲಿಸಿ ಕೋಶವೊಂದನ್ನು ಸಿದ್ಧಪಡಿಸುವ ಕೆಲಸವನ್ನು ಜಾನಪದ ಹಾಗೂ ಸಸ್ಯಶಾಸ್ತ್ರ ವಿದ್ವಾಂಸರು ಕೂಡಿ ಕೈಗೊಳ್ಳಬೇಕಾಗಿದೆ. ಮಾಲೆ ಕಟ್ಟುವ ಹಿರಿಯ ಕೈಗಳು ನಮ್ಮೊಂದಿಗಿರುವಾಗಲೇ ಅದು ಆರಂಭವಾಗುವುದು ಯುಕ್ತ.